150 ಫೈಲಿನಲ್ಲಿ ‘ರತ್ನಚೂಡ’ ತಿದ್ದುವ ಬಗೆ

ನಾಟಿ ಭತ್ತದ ಪಟ್ಟಿ ಊರೂರಿಂದ ಬಂದಿದೆ, 150 ಟೆಕ್ಸ್ಟ್ ಫೈಲು, ಕೆಲವರು ‘ರತ್ನಚೂಡ’ ಅಂತ ಹೊಡೆದಿದ್ದಾರೆ, ಕೆಲವರು ‘ರತ್ನಚೂಡಿ’ ಅಂತ, ಎಲ್ಲವನ್ನೂ ‘ರತ್ನಚೂಡಿ’ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಒಂದೊಂದೇ ತೆರೆದು ತಿದ್ದುತ್ತಾ ಕೂತರೆ ನಾಟಿ ಮುಗಿದು ಕೊಯ್ಲೇ ಬರುತ್ತದೆ. ಲಿನಕ್ಸ್ ಇದೆ ಅಂದಿದ್ದೀರಲ್ಲ, ಪದ ಹುಡುಕುವ ಗ್ರೆಪ್ ಮತ್ತು ಪದ ಬದಲಿಸುವ ಸೆಡ್ ಸಾಕು. ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ, ಭತ್ತದ ಹೆಸರು ಮಾತ್ರ ಕನ್ನಡದಲ್ಲಿರಲಿ.

ಮೊದಲು ಸುಮ್ನೆ ನೋಡಿ, ಏನನ್ನೂ ಬದಲಿಸಬೇಡಿ:

ಗ್ರೆಪ್ -ಆರ್‌ಎನ್ 'ರತ್ನಚೂಡ' .

ಕೊನೆಯ ಚುಕ್ಕೆ ಅಂದರೆ ಈಗ ನಿಂತಿರುವ ಫೋಲ್ಡರು. ಯಾವ ಫೈಲು, ಎಷ್ಟನೇ ಸಾಲು ಅಂತ ತೋರಿಸುತ್ತದೆ. ಇದರಲ್ಲಿ ‘ರತ್ನಚೂಡಿ’ ಇರುವ ಸಾಲುಗಳೂ ಬರುತ್ತವೆ, ಗಮನಿಸಿ. ಕಂಪ್ಯೂಟರಿಗೆ ‘ಡಿ’ ಅಂದರೆ ‘ಡ’ ಮತ್ತು ಗುಡಿಸು, ಎರಡು ಬೇರೆ ಬೇರೆ ಅಕ್ಷರ. ಹಾಗಾಗಿ ‘ರತ್ನಚೂಡ’ವನ್ನು ನೇರವಾಗಿ ‘ರತ್ನಚೂಡಿ’ ಮಾಡಿ ಅಂದರೆ, ಮೊದಲೇ ಸರಿ ಇದ್ದದ್ದಕ್ಕೆ ಇನ್ನೊಂದು ಗುಡಿಸು ಅಂಟಿಕೊಳ್ಳುತ್ತದೆ.

ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಹೋದ ವರ್ಷ ಮಂಡ್ಯದ ನಮ್ಮ ಬೀಜದ ಪಟ್ಟಿಯಲ್ಲಿ ‘ಜಯ’ ತಳಿಯನ್ನು ‘ಜಯಾ’ ಮಾಡಲು ಹೋದೆ. ಬೀಜ ಕೊಟ್ಟವರ ಹೆಸರಿನಲ್ಲಿದ್ದ ಜಯಮ್ಮಂದಿರೆಲ್ಲ ‘ಜಯಾಮ್ಮ’ ಆದರು. ಸರಿಯಾಗಲಿಲ್ಲ ಅಂದುಕೊಂಡು ಮತ್ತೊಮ್ಮೆ ಓಡಿಸಿದೆ, ಎಲ್ಲರಿಗೂ ಎರಡೆರಡು ದೀರ್ಘ! ಕಾಪಿ ಇಟ್ಟಿರಲಿಲ್ಲ. ಎರಡು ಸಂಜೆ ಕೂತು ಕೈಯಲ್ಲೇ ತಿದ್ದಿದೆ.

ದಾರಿ ಏನೆಂದರೆ, ಮೊದಲು ಎಲ್ಲರ ಗುಡಿಸು ತೆಗೆದು, ಆಮೇಲೆ ಎಲ್ಲರಿಗೂ ಒಂದೊಂದು ಹಾಕುವುದು:

ಸೆಡ್ -ಐ.ಬಾಕ್ 'ಎಸ್/ರತ್ನಚೂಡದ/ರತ್ನಚೂಡಿಯ/ಜಿ; ಎಸ್/ರತ್ನಚೂಡಿ/ರತ್ನಚೂಡ/ಜಿ; ಎಸ್/ರತ್ನಚೂಡ/ರತ್ನಚೂಡಿ/ಜಿ' *.ಟಿಎಕ್ಸ್‌ಟಿ

ಮೊದಲ ತುಂಡು ವಿಭಕ್ತಿಗೆ. ಇಲ್ಲದಿದ್ದರೆ ‘ರತ್ನಚೂಡದ ಅಕ್ಕಿ’ ಹೋಗಿ ‘ರತ್ನಚೂಡಿದ ಅಕ್ಕಿ’ ಆಗುತ್ತದೆ, ಓದಲು ಅಸಹ್ಯ ಅಲ್ವಾ. ಜಿ ಬಿಟ್ಟರೆ ಪ್ರತಿ ಸಾಲಿನಲ್ಲಿ ಮೊದಲನೆಯದು ಮಾತ್ರ ಬದಲಾಗುತ್ತದೆ. ‘.ಬಾಕ್’ ಇದ್ದರೆ ಹಳೆಯ ಫೈಲು ಆ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ. ಆದರೆ ಎರಡನೇ ಸಲ ಓಡಿಸಿದರೆ ಆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಅದಕ್ಕೇ ಮೂರನ್ನೂ ಒಂದೇ ಸಾಲಿನಲ್ಲಿ ಬರೆದೆ. ಇಡೀ ಫೋಲ್ಡರಿನ ಕಾಪಿ ಪೆನ್‌ಡ್ರೈವಿಗೆ ಹಾಕಿದ್ದರೆ ಇನ್ನೂ ನಿಶ್ಚಿಂತೆ.

ತಾಲ್ಲೂಕಿಗೊಂದು ಫೋಲ್ಡರ್ ಮಾಡಿದ್ದರೆ ಇದು ಒಳಕ್ಕೆ ಇಳಿಯುವುದಿಲ್ಲ, ಒಳಫೋಲ್ಡರುಗಳಲ್ಲೂ ಫೈಲು ಹುಡುಕುವ ಫೈಂಡ್ ಜೊತೆ, ಸಿಕ್ಕ ಫೈಲಿನ ಮೇಲೆ ಸೆಡ್ ಓಡಿಸುವ -ಎಕ್ಸೆಕ್ ಸೇರಿಸಬೇಕು. ‘ಕೆ.ಆರ್. ಪೇಟೆ ಪಟ್ಟಿ’ ಅಂತ ಹೆಸರಿನ ನಡುವೆ ಜಾಗ ಬಿಟ್ಟ ಫೈಲಿಗೂ ಅದು ತೊಂದರೆ ಕೊಡುವುದಿಲ್ಲ. ದಿನಾಂಕ ತಿದ್ದುವಾಗ, 12/06/2023 ಥರದ್ದು, ಅದರಲ್ಲೇ ಓರೆಗೆರೆ ಇರುವುದರಿಂದ ಸೆಡ್‌ಗೆ ಗೊಂದಲ, ಕಮಾಂಡಿನ ಓರೆಗೆರೆಯ ಬದಲು ನೆಟ್ಟನೆಯ ಗೆರೆ ಬಳಸಿ: ಎಸ್|ಹಳೆಯದು|ಹೊಸದು|ಜಿ.

ಕಣ್ಣಿಗೆ ಕಾಣುವ ಪದ ಗ್ರೆಪ್‌ಗೆ ಸಿಗದಿದ್ದರೆ ಎರಡು ಅನುಮಾನ. ಒಂದು, ಆ ಫೈಲು ಹಳೆಯ ನುಡಿ ಫಾಂಟಿನದು. ಮೊದಲು ಯೂನಿಕೋಡಿಗೆ ತನ್ನಿ. ಇನ್ನೊಂದು, ‘ಕೊಯ್ಲು’ ಪದದ ‘ಕೊ’ವನ್ನು ಒಂದೇ ಚಿಹ್ನೆಯಲ್ಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಬೇರೆ ಬೇರೆ ಕೂಡಿಸಿಯೂ ಬರೆಯಬಹುದು. ನೋಡಲು ಒಂದೇ, ಒಳಗೆ ಬೇರೆ. ಯುಕಾನ್ವ್ ಎಂಬ ಕಮಾಂಡಿನಲ್ಲಿ ಎನ್‌ಎಫ್‌ಸಿ (ಕೂಡಿಸಿದ ಒಂದೇ ಚಿಹ್ನೆಯ ರೂಪ) ಮಾಡಿದರೆ ಎಲ್ಲ ಒಂದೇ ರೂಪಕ್ಕೆ ಬರುತ್ತವೆ.

ಮುಗಿದ ಮೇಲೆ ‘ರತ್ನಚೂಡಿದ’, ‘ರತ್ನಚೂಡಿವ’ ಎರಡನ್ನೂ ಒಮ್ಮೆ ಗ್ರೆಪ್ ಮಾಡಿ. ‘ರತ್ನಚೂಡವನ್ನು’ ಅಂತ ಬರೆದವರು ಇದ್ದರೆ ಅಲ್ಲಿ ಸಿಕ್ಕಿಬೀಳುತ್ತಾರೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಸಾಲನ್ನೇ ಇಲ್ಲಿ ಹಾಕಿ.