ಐಸಿಯು ರೋಗಿಗೆ ಮನಶ್ಶಾಸ್ತ್ರಜ್ಞರು ಯಾಕೆ ಬೇಕು?

ಅಪ್ಪ ಕಲಬುರಗಿಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ, ಮನಶ್ಶಾಸ್ತ್ರಜ್ಞರನ್ನು ಕಳಿಸ್ತೀವಿ ಅಂದರು, ಅಪ್ಪನಿಗೇನು ತಲೆ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಹಾಗೇನಿಲ್ಲ, ಗಾಬರಿ ಬೇಡ.

ಐಸಿಯುನಲ್ಲಿ ಲೈಟು ಆರುವುದಿಲ್ಲ, ಮಷಿನ್ ಸದ್ದು ನಿಲ್ಲುವುದಿಲ್ಲ. ಹಗಲು ರಾತ್ರಿ ಗೊತ್ತಾಗದೆ ವಯಸ್ಸಾದವರು ಏನೇನೋ ಮಾತಾಡಬಹುದು, ಪೈಪು ಕಿತ್ತುಕೊಳ್ಳಬಹುದು. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೋಂಕು, ಕೆಲವು ಔಷಧಿ, ನಿದ್ದೆಗೇಡು ಇದಕ್ಕೆ ಕಾರಣ. ಔಷಧಿ ನೋಡಿಕೊಳ್ಳುವುದು ಡಾಕ್ಟರು. ಮನಶ್ಶಾಸ್ತ್ರಜ್ಞರು ಕೇಳುವುದೇ ಬೇರೆ. ಕನ್ನಡಕ ಎಲ್ಲಿದೆ? ಕಿವಿ ಮಷಿನ್ ಹಾಕಿದ್ದೀರಾ? ಗೋಡೆಯ ಗಡಿಯಾರ ಕಾಣುತ್ತದಾ? ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ? ನಮ್ಮ ಕಡೆ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಬರೀ ದಖ್ಖನಿ ಉರ್ದುವೋ ತೆಲುಗೋ ಬರುವ ಅಜ್ಜಿಗೆ ಇಂಗ್ಲಿಷ್ ಬೆರೆಸಿ ರಿಪೋರ್ಟ್ ವಿವರಿಸಿದರೆ ಏನು ತಿಳಿಯುತ್ತದೆ, ಹೇಳಿ?

ಮನಶ್ಶಾಸ್ತ್ರಜ್ಞರಿಗೆ ಇನ್ನೊಂದು ಕಷ್ಟದ ಕೆಲಸ ಇದೆ. "ಕ್ಯಾನ್ಸರ್ ಅಂತ ಅವರಿಗೆ ಹೇಳಬೇಡಿ" ಅಂತ ಮನೆಯವರು ಬಾಗಿಲಲ್ಲೇ ಡಾಕ್ಟರನ್ನು ತಡೆಯುತ್ತಾರೆ. ಪ್ರೀತಿಯಿಂದಲೇ. ಆದರೆ ಬಹಳಷ್ಟು ರೋಗಿಗಳಿಗೆ ಅನುಮಾನ ಬಂದಿರುತ್ತದೆ, ಕೇಳಲು ಯಾರೂ ಸಿಗುವುದಿಲ್ಲ. ನಿಮಗೆ ಎಷ್ಟು ತಿಳಿಯಬೇಕು ಅಂತ ರೋಗಿಯನ್ನೇ ಕೇಳಿ, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವವರು ಬೇಕಾಗುತ್ತಾರೆ. ರೌಂಡ್ಸ್‌ನ ಎರಡು ನಿಮಿಷದಲ್ಲಿ ಇದು ಆಗುವುದಿಲ್ಲ.

ಅವರು ಬಂದಾಗ ಅಪ್ಪನ ಕೆಲಸ, ಅಭ್ಯಾಸ, ಭಯ ಎಲ್ಲ ಹೇಳಿ. ವರಾಂಡದಲ್ಲಿ ಮಲಗುವ ನಿಮಗೂ ಸಾಕಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು.