ಪ್ರತಿ ಬೇಸಿಗೆಗೂ ಎಸಿಗೆ ಗ್ಯಾಸ್ ತುಂಬಿಸಬೇಕಾ?

ಸುರತ್ಕಲ್‌ನಲ್ಲಿ ಸಮುದ್ರಕ್ಕೆ ಹತ್ತಿರ ಮನೆ, ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಮೂರು ಬೇಸಿಗೆಗೆ ಮೂರು ಸಲ ಗ್ಯಾಸ್ ತುಂಬಿಸಿದ್ದೀರಿ. ಈ ಸಲವೂ "ಗ್ಯಾಸ್ ಖಾಲಿ" ಅಂದರಂತೆ. ಇದು ಮಾಮೂಲಾ, ಇಲ್ಲ ಹೊಸ ಎಸಿಯೇ ತಗೋಬೇಕಾ ಅಂತ ಕೇಳಿದ್ದೀರಿ.

ಖಂಡಿತ ಮಾಮೂಲಲ್ಲ. ನಾನು ಮಂಗಳೂರಿನಲ್ಲಿ ಎಸಿ ರಿಪೇರಿ ಮಾಡುತ್ತೇನೆ, ಈ ಪ್ರಶ್ನೆ ಪ್ರತಿ ಮಾರ್ಚ್‌ನಲ್ಲೂ ಬರುತ್ತದೆ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಕೋಣೆಯ ಬಿಸಿಯನ್ನು ಒಳಗೆ ಹೀರಿಕೊಂಡು, ಹೊರಗಿನ ಯೂನಿಟ್ಟಿನಲ್ಲಿ ಬಿಟ್ಟು, ಮತ್ತೆ ಒಳಗೆ ಬರುತ್ತದೆ. ಮುಚ್ಚಿದ ಪೈಪಿನಲ್ಲೇ ಅದರ ಸುತ್ತಾಟ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಇಲ್ಲವೇ ಕಡಿಮೆಯೇ ಆಗಿಲ್ಲ.

ಕೆಲಸ ಕಲಿಯುತ್ತಿದ್ದಾಗ ಉಳ್ಳಾಲದ ಒಂದು ಮನೆಗೆ ಎರಡು ವರ್ಷ ಸಾಲಾಗಿ ಗ್ಯಾಸ್ ತುಂಬಿಸಲು ಹೋಗಿದ್ದೆ. ಮೂರನೇ ವರ್ಷ ಆ ಮನೆಯ ಅಜ್ಜಿ, "ಅಲ್ಲ ಮಗಾ, ಹಾಕಿದ ಗ್ಯಾಸೆಲ್ಲ ಎಲ್ಲಿಗೆ ಹೋಗ್ತದೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಒಳಗಿನ ಯೂನಿಟ್ಟನ್ನು ಗೋಡೆಯಿಂದ ಇಳಿಸಿದೆವು. ಹಿಂದೆ ಪೈಪ್ ಸೇರುವ ಫ್ಲೇರ್ ನಟ್ಟಿನ ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ತಿ ಕಪ್ಪಗಾಗಿತ್ತು. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಸೋರುವ ಜಾಗದಲ್ಲಿ ಗ್ಯಾಸ್ ಹಾರಿಹೋಗಿ ಎಣ್ಣೆ ಉಳಿಯುತ್ತದೆ. ಸೋಪಿನ ನೊರೆ ಹಚ್ಚಿದ್ದೇ ತಡ, ಗುಳ್ಳೆ ಎದ್ದಿತು. ಪೈಪಿನ ತುದಿ ಕತ್ತರಿಸಿ, ಬಾಯಿ ಅಗಲಿಸಿ ಹೊಸ ಫ್ಲೇರ್ ಮಾಡಿದೆವು. ಆಮೇಲೆ ಗ್ಯಾಸಿಗಾಗಿ ಆ ಮನೆಯಿಂದ ಫೋನ್ ಬರಲಿಲ್ಲ. ಅಜ್ಜಿಯ ಎರಡು ವರ್ಷದ ದುಡ್ಡು ಸುಮ್ನೆ ಹೋಯಿತಲ್ಲ ಅಂತ ಈಗಲೂ ಬೇಸರವಾಗುತ್ತದೆ.

ಮೊದಲು ನೀವೇ ಸ್ವಲ್ಪ ನೋಡಿ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯುತ್ತೀರಾ? ಹೊರಗಿನ ಫ್ಯಾನ್ ತಿರುಗುತ್ತಿದೆಯಾ? ಎಸಿ ಅರ್ಧ ಗಂಟೆ ಓಡಿದ ಮೇಲೆ ಹೊರಗಿನ ಯೂನಿಟ್ಟಿನ ಪಕ್ಕದ ಎರಡು ಪೈಪ್ ಗಮನಿಸಿ. ತೆಳು ಪೈಪಿನ ಮೇಲೆ ಬಿಳಿ ಹಿಮ ಕಟ್ಟಿ, ದಪ್ಪ ಪೈಪ್ ತಣ್ಣಗೇ ಇಲ್ಲ ಅಂದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಒಳಗಿನ ಕಾಯಿಲ್‌ನಿಂದ (ಗ್ಯಾಸ್ ಓಡುವ ಸುರುಳಿ ಪೈಪ್) ದಪ್ಪ ಪೈಪಿನವರೆಗೂ ಐಸ್ ಕಟ್ಟಿದ್ದರೆ ಮೊದಲ ಅನುಮಾನ ಕೊಳೆ ಫಿಲ್ಟರ್, ಗಾಳಿ ಊದುವ ಕೊಳೆ ಬ್ಲೋವರ್ ಮೇಲೆ. ಗಾಳಿ ಸರಿಯಾಗಿ ಹಾಯದಿದ್ದರೂ ಕೋಣೆ ತಂಪಾಗುವುದಿಲ್ಲ, ಆಗ ಗ್ಯಾಸ್ ಹಾಕಿ ಏನೂ ಪ್ರಯೋಜನವಿಲ್ಲ.

ನಿಜಕ್ಕೂ ಕಡಿಮೆಯಿದ್ದರೆ "ಮೊದಲು ಲೀಕ್ ಹುಡುಕಿ, ಆಮೇಲೆ ಗ್ಯಾಸ್" ಅಂತ ರಿಪೇರಿಗೆ ಬಂದವರಿಗೆ ಗಟ್ಟಿಯಾಗಿ ಹೇಳಿ. ನೈಟ್ರೋಜನ್ ತುಂಬಿಸಿ, ಒತ್ತಡ ಇಳಿಯುತ್ತದಾ ನೋಡಿ, ನೊರೆ ಹಚ್ಚಿ ಹುಡುಕುವುದು ಸರಿಯಾದ ದಾರಿ. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತಂದವರಿದ್ದಾರೆ. ದಯವಿಟ್ಟು ಅದನ್ನು ತುಂಬಿಸಲು ಬಿಡಬೇಡಿ. ಒಳಗಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಸ್ಫೋಟವಾಗಬಹುದು, ಜೀವವೇ ಹೋಗಬಹುದು.

ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಲೇಬೇಕು. ಪೈಪಿನೊಳಗಿನ ಗಾಳಿ, ತೇವ ಎರಡೂ ಹೋಗಬೇಕು. ತೇವ ಉಳಿದರೆ ಎಣ್ಣೆ ಕೆಟ್ಟು ನಿಧಾನವಾಗಿ ಕಂಪ್ರೆಸರನ್ನೇ ತಿನ್ನುತ್ತದೆ. ಕೆಲವರು ಸಮಯ ಉಳಿಸಲು ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರಗೆ ತಳ್ಳುತ್ತಾರೆ. ಈಗಿನ ಹೆಚ್ಚಿನ ಎಸಿಗಳಲ್ಲಿ ಇರುವುದು ಆರ್-32 ಅನ್ನುವ ಗ್ಯಾಸ್, ಅದಕ್ಕೆ ಬೆಂಕಿ ಹತ್ತಿಕೊಳ್ಳುವ ಗುಣ ಇದೆ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಅಪಾಯ. ಅದೂ ಅಲ್ಲದೆ ಈ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 675 ಪಟ್ಟು ಜೋರು. ಅದಕ್ಕಿಂತ ಹಳೆಯ ಗ್ಯಾಸ್ ಆರ್-410ಎ 2,000 ಪಟ್ಟಿಗೂ ಮೇಲೆ. ಹಾಗೆ ಗಾಳಿಗೆ ಬಿಡುವ ವಸ್ತುವಲ್ಲ ಇದು.

ಗ್ಯಾಸ್ ಹಾಕುವಾಗ ತಕ್ಕಡಿ ಇಟ್ಟುಕೊಂಡೇ ಹಾಕಲಿ. ಹೊರಗಿನ ಯೂನಿಟ್ಟಿಗೆ ಅಂಟಿಸಿದ ಪಟ್ಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಏರಿ ಇಳಿಯುತ್ತಿರುತ್ತದೆ, ಜೊತೆಗೆ ಒತ್ತಡ ತೋರಿಸುವ ಗೇಜಿನ ಮುಳ್ಳೂ. ಬರೀ ಗೇಜ್ ನೋಡಿ "ಸಾಕು" ಅಂದರೆ ನಂಬಬೇಡಿ.

ನಿಮ್ಮಲ್ಲಿ ಉಪ್ಪುಗಾಳಿಯ ತೊಂದರೆಯೂ ಇದೆ. ಕಾಯಿಲ್ಲೇ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗಿರಬಹುದು. ತಾಮ್ರದ ಕಾಯಿಲ್ ಆದರೆ ಬೆಸುಗೆ ಹಾಕಬಹುದು, ಆದರೆ ಒಂದು ತೂತಾದ ಕಡೆ ಇನ್ನೊಂದು ಬರುವುದು ದೂರವಿರುವುದಿಲ್ಲ. ಅಲ್ಯೂಮಿನಿಯಂ ಆದರೆ ಕಾಯಿಲ್ ಬದಲಿಸುವುದೇ ಮೇಲು. ವಾರಂಟಿ ಕಾರ್ಡ್ ತೆಗೆದು ನೋಡಿ, ಕಾಯಿಲ್ಲಿಗೆ ಬೇರೆ ವಾರಂಟಿ ಇದ್ದರೂ ಇರಬಹುದು. ಇನ್ನು ಮುಂದೆ ತಿಂಗಳಿಗೊಮ್ಮೆ ಕರೆಂಟ್ ಪೂರ್ತಿ ಆಫ್ ಮಾಡಿ, ಹೊರಗಿನ ಕಾಯಿಲ್ಲಿಗೆ ಸಿಹಿನೀರು ಮೆಲ್ಲಗೆ ಹಾಯಿಸಿ ಉಪ್ಪು ತೊಳೆಯಿರಿ. ಆಸಿಡ್ ಬೇಡ.

ಮೂರು ವರ್ಷದ ಎಸಿಯನ್ನು ಈಗಲೇ ಬಿಸಾಡಬೇಡಿ. ಆ ಪಟ್ಟಿಯಲ್ಲಿ ಏನು ಬರೆದಿದೆ, ಹಿಮ ಯಾವ ಪೈಪಿನ ಮೇಲೆ ಕಟ್ಟುತ್ತಿದೆ, ಇಷ್ಟನ್ನು ಇಲ್ಲೇ ಬರೆಯಿರಿ. ಮುಂದೆ ಏನು ಮಾಡಬೇಕು ಅಂತ ಹೇಳುತ್ತೇನೆ.