ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ, ಹೋಗುವಾಗ ಎಂಟು ಗಂಟೆ ಹಿಡಿಯುವ ಪ್ರಯಾಣ ಮರಳುವಾಗ ಏಳು ಗಂಟೆಯಲ್ಲೇ ಮುಗಿಯುವುದೇಕೆ ಎಂದು ಕೇಳಿದ್ದೀರಿ. ಹೀಥ್ರೂ ನಿಲ್ದಾಣದಿಂದ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿಯ ಉದ್ದ ಸುಮಾರು 5,540 ಕಿಲೋಮೀಟರ್. ಐರ್ಲೆಂಡನ್ನೂ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪವನ್ನೂ ಹಾದುಹೋಗುವ ಈ ದಾರಿ ಚಪ್ಪಟೆ ನಕ್ಷೆಯಲ್ಲಿ ಉತ್ತರಕ್ಕೆ ಬಾಗಿದ ಸುತ್ತುದಾರಿಯಂತೆ ಕಾಣುತ್ತದೆ. ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಸಾಗುವುದೂ ಇದೇ ಜಾಡಿನಲ್ಲಿ.

ಸಮಯದ ವ್ಯತ್ಯಾಸಕ್ಕೆ ಕಾರಣ, ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಂಡರೆ, ಗಾಳಿಯೇ ಇಲ್ಲದ ದಿನ ಈ ದೂರಕ್ಕೆ 6 ಗಂಟೆ 9 ನಿಮಿಷ ಸಾಕು. ಗಂಟೆಗೆ 100 ಕಿಲೋಮೀಟರ್ ಗಾಳಿ ಎದುರಾದರೆ ಅದು 6 ಗಂಟೆ 55 ನಿಮಿಷವಾಗುತ್ತದೆ. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 5 ಗಂಟೆ 32 ನಿಮಿಷಕ್ಕೆ ಇಳಿಯುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ದಕ್ಕುವುದಿಲ್ಲ ಎಂಬುದನ್ನು ಗಮನಿಸಿ: ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟ 46 ನಿಮಿಷ, ಲಾಭ 37 ನಿಮಿಷ ಮಾತ್ರ. ಚಳಿಗಾಲದಲ್ಲಿ ಈ ಗಾಳಿ ಇನ್ನಷ್ಟು ಬಲವಾಗಿರುತ್ತದೆ. 2020ರ ಫೆಬ್ರವರಿಯಲ್ಲಿ, ಸಿಯಾರಾ ಬಿರುಗಾಳಿಯ ಸಮಯದಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿಳಿಯಿತು. ಅಂಥದ್ದನ್ನು ಪ್ರತಿ ಸಲವೂ ನಿರೀಕ್ಷಿಸುವಂತಿಲ್ಲ, ಬಿಡಿ.

ಈ ಗಾಳಿಯ ಕಾರಣದಿಂದಲೇ ವಿಮಾನ ನಿಜವಾಗಿ ಕ್ರಮಿಸುವ ದೂರವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅಟ್ಲಾಂಟಿಕ್ ಸಾಗರದ ಮೇಲಿನ ಹಾರಾಟದ ಜಾಡುಗಳನ್ನು ಶಾನ್‌ವಿಕ್ ಮತ್ತು ಗ್ಯಾಂಡರ್ ಎಂಬ ಎರಡು ನಿಯಂತ್ರಣ ಕೇಂದ್ರಗಳು ಅಂದಂದಿನ ಹವಾಮಾನ ನೋಡಿ ದಿನವೂ ಗೊತ್ತುಮಾಡುತ್ತವೆ. ಪಶ್ಚಿಮಕ್ಕೆ ಹೋಗುವವು ಗಾಳಿಯನ್ನು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯುತ್ತವೆ, ಪೂರ್ವಕ್ಕೆ ಬರುವವು ಬೇಕೆಂದೇ ಅದರೊಳಕ್ಕೆ ಸೇರಿಕೊಳ್ಳುತ್ತವೆ.

ಇನ್ನು ಟಿಕೆಟ್‌ನಲ್ಲಿ ನಮೂದಾಗುವ ಅವಧಿ ಕೇವಲ ಹಾರಾಟದ್ದಲ್ಲ. ವಿಮಾನ ಗೇಟಿನಿಂದ ಹೊರಟ ಕ್ಷಣದಿಂದ ಇನ್ನೊಂದು ತುದಿಯ ಗೇಟಿಗೆ ಬಂದು ನಿಲ್ಲುವವರೆಗಿನದು. ರನ್‌ವೇಗಾಗಿ ಸಾಲಿನಲ್ಲಿ ಕಾಯುವ ಹೊತ್ತೂ ಅದರಲ್ಲೇ ಸೇರಿರುತ್ತದೆ. ಆದ್ದರಿಂದ ದೂರವನ್ನು ವೇಗದಿಂದ ಭಾಗಿಸಿ ತಲುಪುವ ಸಮಯವನ್ನು ಊಹಿಸುವುದಕ್ಕಿಂತ ಟಿಕೆಟ್ಟನ್ನೇ ನಂಬುವುದು ಲೇಸೆಂದು ನನ್ನ ಅಭಿಪ್ರಾಯ.

ಟಿಕೆಟ್‌ನಲ್ಲಿರುವ ಗಂಟೆಗಳು ಆಯಾ ಊರಿನವು. ಲಂಡನ್ ಸಾಮಾನ್ಯವಾಗಿ ಐದು ಗಂಟೆ ಮುಂದಿರುವುದರಿಂದ, ಬೆಳಿಗ್ಗೆ 11ಕ್ಕೆ ಅಲ್ಲಿಂದ ಹೊರಟು ಎಂಟು ಗಂಟೆ ಪ್ರಯಾಣ ಮಾಡಿದವರು ನ್ಯೂಯಾರ್ಕ್‌ನಲ್ಲಿ ಅಂದೇ ಮಧ್ಯಾಹ್ನ 2ಕ್ಕೆ ಇಳಿಯುತ್ತಾರೆ. ಮರಳುವಾಗ ಸಂಜೆ 7ಕ್ಕೆ ಹೊರಟರೆ ಮರುದಿನ ಬೆಳಿಗ್ಗೆ 7 ಆಗಿರುತ್ತದೆ. ಆದರೆ ಮಾರ್ಚ್‌ನಲ್ಲಿ ತುಸು ಎಚ್ಚರ ಬೇಕು: ಅಮೆರಿಕ ಎರಡನೆಯ ಭಾನುವಾರವೂ ಬ್ರಿಟನ್ ಕೊನೆಯ ಭಾನುವಾರವೂ ಗಡಿಯಾರವನ್ನು ಮುಂದಕ್ಕೆ ಸರಿಸುವುದರಿಂದ, ನಡುವಿನ ಆ ದಿನಗಳಲ್ಲಿ ಅಂತರ ನಾಲ್ಕೇ ಗಂಟೆ.